ಕೂಗಿ ಕರೆದ ಮೇಲೆ ಬೀಸಿಕೊಡಬೇಕು

ನನ್ನ ಅಪ್ಪ ಮತ್ತು ನಮ್ಮ ಮನೆಯವರು ಮೂವತ್ತೇಳು ವರ್ಷ ಒಬ್ಬರಿಗೊಬ್ಬರು ನೇರವಾಗಿ ಮಾತಾಡಲಿಲ್ಲ. ಹಾಗೆಂದು ಮುಖ ತಿರುವಿಕೊಂಡು ಓಡಾಡುತ್ತಿದ್ದರು ಎಂದುಕೊಳ್ಳಬೇಡಿ. ಅಕ್ಕಪಕ್ಕ ಕೂತು ಉಣ್ಣುತ್ತಿದ್ದರು, ಒಂದೇ ಗಾಡಿಯಲ್ಲಿ ಬೀಗರ ಮನೆಗೆ ಹೋಗುತ್ತಿದ್ದರು, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ನಿದ್ದೆಗೆಡುತ್ತಿದ್ದರು. ಮಾತು ಮಾತ್ರ ನನ್ನ ಮೂಲಕವೇ ಹೋಗಬೇಕು, ನನ್ನ ಮೂಲಕವೇ ಬರಬೇಕು.

“ನಿನ್ನ ಗಂಡಗ ಹೇಳವ್ವಾ, ಉಪ್ಪಿನಕಾಯಿ ಈ ಕಡೆ ಸರಸಾಕ” ಎಂದು ಅಪ್ಪ ಹೇಳುತ್ತಿದ್ದ. ಉಪ್ಪಿನಕಾಯಿ ಇಬ್ಬರ ಮೊಣಕಾಲುಗಳ ನಡುವೆ ಇರುತ್ತಿತ್ತು. ನಾನು ಅಡಿಗೆಮನೆಯಲ್ಲಿ ಇರುತ್ತಿದ್ದೆ. ಬಡಿಯುತ್ತಿದ್ದ ರೊಟ್ಟಿ ಬಿಟ್ಟು ಬಂದು, “ಅಪ್ಪ ಉಪ್ಪಿನಕಾಯಿ ಕೇಳಾಕತ್ತಾನ್ರಿ” ಎನ್ನಬೇಕು. ಇವರು ಸರಿಸಿ, “ಮಾಮಾಗ ಹೇಳು, ನಿನ್ನೆ ಹಾಕಿದ್ದೈತಿ, ಉಪ್ಪ ಇನ್ನಾ ಹಿಡದಿಲ್ಲ” ಎನ್ನುತ್ತಿದ್ದರು. “ಕೇಳಿಸೇತಿ ಅಂತ ಹೇಳು” ಎಂದು ಅಪ್ಪ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರೆ. ಮಾವ ಅಳಿಯರ ಮೌನದಲ್ಲಿ ನನ್ನ ಎಷ್ಟು ರೊಟ್ಟಿ ಸೀದು ಹೋದವು ಎಂಬುದಕ್ಕೆ ಯಾರೂ ಗಾದೆ ಕಟ್ಟಿಲ್ಲ.

ನಾನು ಮೂವತ್ತು ವರ್ಷ ಹಳ್ಳಿಯ ಅಂಚೆ ಕಚೇರಿ ನಡೆಸಿದವಳು. ಹಗಲು ಊರಿನವರ ಸುದ್ದಿ ಮುಟ್ಟಿಸಬೇಕು, ಮನೆಗೆ ಬಂದರೆ ಇವರಿಬ್ಬರದು. ಟಪಾಲಾದರೂ ಅಂಟು ಹಚ್ಚಿ ಮುಚ್ಚಿರುತ್ತಿತ್ತು, ಒಳಗೆ ಏನಿದೆ ಎಂದು ನನ್ನ ತಲೆಗೆ ಹಚ್ಚಿಕೊಳ್ಳಬೇಕಾಗಿರಲಿಲ್ಲ. ಅಪ್ಪ ಮೇಲವಂಕಿಯಲ್ಲಿ ನನ್ನ ಅಣ್ಣನ ಜೊತೆ ಇರುತ್ತಾನೆ, ನಾವು ಕೊಣ್ಣೂರಿನಲ್ಲಿ. ವಾರಕ್ಕೊಮ್ಮೆ ಅಪ್ಪ ಬಸ್ ಹತ್ತಿ ನಮ್ಮಲ್ಲಿಗೆ ಬರುತ್ತಾನೆ. ಬಂದ ದಿನ ನನ್ನ ಗಂಟಲು ಸಂಜೆಯ ಹೊತ್ತಿಗೆ ಕೂತುಹೋಗುತ್ತಿತ್ತು.

ಇಷ್ಟಕ್ಕೆಲ್ಲ ಕಾರಣ ಒಂದು ಇಂಜಿನ್ನು.

ನಮ್ಮದು ಕುರಿ ಕಾಯುವ ಮನೆತನ. ಅಪ್ಪ ತನ್ನ ಪಾಲಿಗೆ ಬಂದ ನಲವತ್ತು ಕುರಿ ಮಾರಿ, ಎರಡು ದೊಡ್ಡ ಗಾಲಿಗಳ ಒಂದು ಡೀಸೆಲ್ ಇಂಜಿನ್ ತಂದು, ಮೇಲವಂಕಿಯಲ್ಲಿ ಹಿಟ್ಟಿನ ಗಿರಣಿ ಹಾಕಿದ. “ಜೀವ ಇದ್ದ ಕುರಿ ಮಾರಿ ಕಬ್ಬಿಣ ಕಾಯಾಕ ಕುಂತಾನ” ಎಂದು ಬಳಗದವರು ನಕ್ಕರಂತೆ. ಅಪ್ಪ ಅವರಿಗೆ, “ಕುರಿ ನಾವು ಕರದ್ರ ಬರತಾವು. ಇದು ತಾನ ಮಂದೀನ್ನ ಕರೀತೈತಿ” ಎಂದನಂತೆ.

ಆ ಮಾತು ಖರೆಯೇ. ಆಗಿನ ಇಂಜಿನ್ ಗಿರಣಿಗಳಲ್ಲಿ ಹೊಗೆ ಹೋಗುವ ಕೊಳವೆಯನ್ನು ಮಾಳಿಗೆಯ ಮೇಲಕ್ಕೆ ಒಯ್ದು, ಅದರ ಬಾಯಿಗೆ ಒಂದು ವಾಟಿಯನ್ನು, ಅಂದರೆ ಬಟ್ಟಲನ್ನು, ಬೋರಲು ಹಾಕಿ ತಂತಿಯಿಂದ ಸಡಿಲವಾಗಿ ಕಟ್ಟುತ್ತಿದ್ದರು. ಹೊಗೆ ಒಂದೊಂದು ಸಲ ಹೊರಗೆ ನುಗ್ಗಿದಾಗಲೂ ವಾಟಿ ಎದ್ದು ಬಿದ್ದು ‘ಕುಕ್... ಕುಕ್... ಕುಕ್’ ಎಂದು ಕೂಗುತ್ತಿತ್ತು. ದೂರದ ತೋಟದ ಮನೆಗಳಿಗೂ ಅದು ಕೇಳಿಸುತ್ತಿತ್ತು. ಕೇಳಿದ ಹೆಂಗಸರು ಜೋಳ ಹಸನು ಮಾಡಿ ಬುಟ್ಟಿ ಹೊತ್ತು ಹೊರಡುತ್ತಿದ್ದರು. ಕೂಗು ಇಲ್ಲದ ದಿನ ಯಾರೂ ಬರುತ್ತಿರಲಿಲ್ಲ, ಬಂದು ಬರಿಗೈಯಲ್ಲಿ ಹೋಗುವ ಪ್ರಸಂಗವೂ ಇರುತ್ತಿರಲಿಲ್ಲ. ಒಂದೊಂದು ಗಿರಣಿಯ ಕೂಗೂ ಬೇರೆ. ನಮ್ಮದಕ್ಕೆ ಅವ್ವ ತವರಿನಿಂದ ತಂದ ಹಿತ್ತಾಳೆ ವಾಟಿ ಇತ್ತು, ಅದನ್ನು ಕೊಡುವಾಗ ಅವ್ವ ಎರಡು ದಿನ ಅಪ್ಪನಿಗೆ ಚಹಾ ಮಾಡಿಕೊಟ್ಟಿರಲಿಲ್ಲ.

ಅಪ್ಪನಿಗೆ ಒಂದು ನೇಮವಿತ್ತು. ಕೂಗಿ ಕರೆದ ಮೇಲೆ ಬೀಸಿಕೊಡಲೇಬೇಕು. ಒಮ್ಮೆ ಪಂಚಮಿ ಹತ್ತಿರ ಬಂದಾಗ, ಹತ್ತು ಹನ್ನೆರಡು ಬುಟ್ಟಿಗಳು ಸಾಲಿನಲ್ಲಿ ಕೂತಿರುವಾಗಲೇ ಇಂಜಿನ್ ಕೆಟ್ಟಿತು. ಅಪ್ಪ ಎಲ್ಲ ಬುಟ್ಟಿಗಳನ್ನೂ ಚಕ್ಕಡಿಗೆ ಏರಿಸಿ ಅಂಕಲಗಿಗೆ ಹೋಗಿ, ಬೇರೆಯವನ ಗಿರಣಿಯಲ್ಲಿ ತಾನೇ ನಿಂತು ಬೀಸಿಸಿಕೊಂಡು ಬಂದು, ಹೊತ್ತು ಮುಳುಗುವುದರೊಳಗೆ ಮನೆಮನೆಗೆ ಮುಟ್ಟಿಸಿದ. ಬಂದ ಕಾಳು ಕಾಳಾಗಿಯೇ ಹೊಳ್ಳಿ ಹೋದರೆ ಗಿರಣಿಗೆ ಮುಖ ಇರುವುದಿಲ್ಲ ಎನ್ನುತ್ತಿದ್ದ.

ಊರಿಗೆ ದೀಪದ ಕರೆಂಟು ಎಂದೋ ಬಂದಿತ್ತು. ಅದರ ಬಗ್ಗೆ ಅಪ್ಪನಿಗೆ ಸಿಟ್ಟಿರಲಿಲ್ಲ. ಆದರೆ ಊರಿನ ಇನ್ನೊಂದು ತುದಿಯಲ್ಲಿ ಒಬ್ಬರು ಮೋಟಾರಿನ ಗಿರಣಿ ಹಾಕಿದರು, ಅದಕ್ಕೆ ಥ್ರೀ ಫೇಸ್ ಲೈನು ಎಳೆಯಲು ಕಂಬ ಹತ್ತಿದ ಲೈನ್‌ಮನ್ ಬೇರೆ ಯಾರೂ ಅಲ್ಲ, ಅಪ್ಪನ ಅಕ್ಕನ ಮಗ, ಮುಂದೆ ನನ್ನ ಗಂಡನಾದವರು. ಸಣ್ಣವರಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಗಿರಣಿ ನೋಡಲು ಬರುತ್ತಿದ್ದವರು, ಅಪ್ಪ ‘ತಮ್ಮಾ’ ಎಂದರೆ ಸಾಕು, ಓಡಿಬರುತ್ತಿದ್ದವರು. ಅಪ್ಪ ಹುಬ್ಬಿನ ಮೇಲೆ ಹಿಟ್ಟು ಮೆತ್ತಿಕೊಂಡೇ ಹೋಗಿ ಕಂಬದ ಕೆಳಗೆ ನಿಂತ.

“ಇಳಿ” ಎಂದ.

“ಆರ್ಡರ್ ಐತಿ ಮಾಮಾ” ಎಂದರು ಇವರು ಮೇಲಿನಿಂದ.

ಅಷ್ಟೇ. ಅಲ್ಲಿಂದ ಮಾತು ನಿಂತಿತು. ಸಂಬಂಧ ಬಿಡುವಂತಿರಲಿಲ್ಲ, ಯಾಕೆಂದರೆ ನಾನು ತೊಟ್ಟಿಲಲ್ಲಿ ಇದ್ದಾಗಲೇ ಅತ್ತೆಯ ಮಗನಿಗೆ ಎಂದು ಅಜ್ಜಿ ಎಲೆ ಅಡಿಕೆ ಹಂಚಿ ಆಗಿತ್ತು. ಎರಡು ತಿಂಗಳಲ್ಲಿ ಮದುವೆ ಆಯಿತು. ಕಾಲು ತೊಳೆಯುವಾಗ ಅಪ್ಪ ತಂಬಿಗೆ ಹಿಡಿದು ನಿಂತು, “ಕಾಲ ಮುಂದ ಮಾಡಾಕ ಹೇಳ್ರಿ ಅವರಿಗೆ” ಎಂದು ಮದುವೆ ಮಾಡಿಸುವ ಅಯ್ಯನವರಿಗೆ ಹೇಳಿದ. ಅಯ್ಯನವರು ಮದುಮಗನಿಗೆ ಹೇಳಿದರು. ಆ ಕೆಲಸ ಮರುದಿನದಿಂದ ನನ್ನ ಪಾಲಿಗೆ ಬಂತು.

ಹಿಟ್ಟಿನ ಗಿರಣಿ ಇನ್ನೂ ಕೆಲವು ವರ್ಷ ಕುಂಟುತ್ತ ನಡೆದು ನಿಂತಿತು. ಅಪ್ಪ ಮತ್ತೆ ಕುರಿ ಕಟ್ಟಿದ, ಕಬ್ಬು ಹಾಕಿದ, ಚೆನ್ನಾಗಿಯೇ ಬದುಕಿದ. ಇಂಜಿನ್ನು ಅಣ್ಣನ ದನದ ಕೊಟ್ಟಿಗೆಯ ಮೂಲೆ ಸೇರಿತು. ಅದರ ನೀರಿನ ತೊಟ್ಟಿಯಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಚಳಿಗಾಲದಲ್ಲಿ ಮಾತ್ರ ಅಪ್ಪ ಅದರ ಮೇಲೆ ಒಂದು ಹಳೇ ಕಂಬಳಿ ಹೊದಿಸುತ್ತಿದ್ದ, ದಸರೆಗೆ ಭಂಡಾರದ ಅರಿಶಿನ ಹಚ್ಚುತ್ತಿದ್ದ.

ಎರಡು ವರ್ಷದ ಹಿಂದೆ ನಮ್ಮ ಮನೆಯವರು ನಿವೃತ್ತರಾದರು. ಕಂಬ ಇಳಿದ ಲೈನ್‌ಮನ್ ಮನೆಯಲ್ಲಿ ಕೂತರೆ ಹೆಂಡತಿಯ ಗತಿ ಏನಾಗುತ್ತದೆ ಎಂದು ಯಾವ ಇಲಾಖೆಯೂ ಮೊದಲೇ ಹೇಳುವುದಿಲ್ಲ. ನನ್ನ ಮಿಕ್ಸರಿನ ಪ್ಲಗ್ಗನ್ನು ಮೂರು ಸಲ ಬದಲಾಯಿಸಿದರು. ಆಮೇಲೊಂದು ದಿನ ಗೋಕಾಕಿನ ಕೃಷಿ ಪ್ರದರ್ಶನದ ಕಾಗದ ಹಿಡಿದು ಬಂದರು. ಈ ಸಲ ಒಂದು ಮೂಲೆಯಲ್ಲಿ ಹಳೇ ಇಂಜಿನ್ನುಗಳನ್ನು ಓಡಿಸಿ ತೋರಿಸುವವರಿಗೆ ಜಾಗ ಕೊಡುತ್ತಾರಂತೆ.

“ಮಾಮಾನ ಇಂಜಿನ್ ಮತ್ತ ಓಡಸ್ತೇನಿ” ಎಂದರು. “ಓಡಿತಂದ್ರ ನನ್ನ ಜೋಡಿ ಒಂದ್ ಮಾತು ಆಡತಾನ ನೋಡು.”

“ಏನಂತ ಆಡಬೇಕು?”

“ಏನರೆ ಆಡ್ಲಿ. ಬರೇ ಹೂಂ ಅಂದ್ರೂ ನಡೀತೈತಿ. ಆದ್ರ ನನ್ನ ಮಾರಿ ನೋಡಿ ಅನ್ಬೇಕು.”

ಅರವತ್ತೊಂದು ವರ್ಷದ ಗಂಡಸು ಒಂದು ಹೂಂ ಅನ್ನುವುದಕ್ಕಾಗಿ ಹೀಗೆ ಆಸೆಪಡುವುದನ್ನು ಕಂಡು ನನಗೆ ನಗುವೂ ಬಂತು, ಕರುಳೂ ಚುರ್ ಎಂದಿತು. ಆ ವಾರ ಅಪ್ಪ ಬಂದಾಗ ಮಾತು ಮುಟ್ಟಿಸಿದೆ.

“ಅಪ್ಪಾ, ಇವರು ನಿನ್ನ ಇಂಜಿನ್ ರಿಪೇರಿ ಮಾಡತಾರಂತ.”

“ಕರೆಂಟಿನವರಿಗೆ ಎಣ್ಣಿ ಇಂಜಿನ್ ಏನ್ ತಿಳೀತೈತಿ ಅಂತ ಕೇಳು.”

“ಕಲೀತೇನಿ ಅಂತ ಹೇಳು” ಎಂದರು ಇವರು, ಅಪ್ಪನಿಂದ ಎರಡು ಮಾರು ದೂರ ಕೂತು.

“ಕೆಡಿಸಿದ್ರ?”

“ಕೆಟ್ಟದ್ದೇ ಐತೆಲ್ಲ ಅಂತ ಹೇಳು.”

ಅಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡ. ಆಮೇಲೆ, “ಒಯ್ಯಾಕ ಹೇಳು. ಕೋಳಿ ತತ್ತಿ ಅದಾವು, ಮೊದಲ ತಗದು ಒಯ್ಯಾಕ ಹೇಳು” ಎಂದ.

ಇಂಜಿನ್ನು ಟ್ರ್ಯಾಕ್ಟರಿನ ಮೇಲೆ ನಮ್ಮ ಅಂಗಳಕ್ಕೆ ಬಂದು ನಾಲ್ಕು ತಿಂಗಳು ಕೂತಿತು. ಸೀಮೆಎಣ್ಣೆಯಲ್ಲಿ ತೊಳೆಯಲು ನನ್ನ ಎರಡು ಸ್ಟೀಲ್ ಬುಟ್ಟಿ ಹೋದವು, ಹೋಳಿಗೆಯ ಹೂರಣ ಕುದಿಸುವ ಪಾತ್ರೆಯೂ ಹೋಯಿತು. ಪಿಸ್ಟನ್ನಿನ ರಿಂಗಿಗಾಗಿ ಇವರು ಮೂಡಲಗಿಯ ಗುಜರಿ ಅಂಗಡಿಗೆ ಮೂರು ಸಲ ಹೋದರು, ಮೂರನೆಯ ಸಲ ಸರಿಯಾದ ಅಳತೆಯ, ಇನ್ನೂ ಪೊಟ್ಟಣ ಬಿಚ್ಚದ್ದು ಸಿಕ್ಕಿತು. ಹೊಸ ರಿಂಗನ್ನು ಅಂಗೈಯಲ್ಲಿ ಇಟ್ಟು ನನಗೆ ತೋರಿಸಿದ ರೀತಿಯಲ್ಲಿ ನನಗೆ ಬಳೆ ಕೊಡಿಸಿದಾಗಲೂ ತೋರಿಸಿರಲಿಲ್ಲ. ಒಂದು ಮುಂಜಾನೆ ನೋಡುತ್ತೇನೆ, ಡೀಸೆಲ್ ಇಂಜಿನ್ನಿಗೆ ಟೆಸ್ಟರ್ ಹಚ್ಚಿ ನೋಡುತ್ತಿದ್ದಾರೆ. “ಏನ್ರಿ ಇದು?” ಎಂದೆ. “ರೂಢಿ” ಎಂದರು.

ಅಪ್ಪ ವಾರಕ್ಕೊಮ್ಮೆ ಬಂದು ಕೈ ಹಿಂದೆ ಕಟ್ಟಿ ಇಂಜಿನ್ನಿನ ಸುತ್ತ ಒಂದು ಸುತ್ತು ಹಾಕುತ್ತಿದ್ದ. “ಆ ನಟ್ ಬಿಗಿ ಆಗಿಲ್ಲ ಅಂತ ಹೇಳು.” ಇವರು ನಟ್ಟು ತಿರುಗಿಸುವ ಪಾನಾ ಕೈಯಲ್ಲಿ ಹಿಡಿದು, ನಾನು ಹೇಳುವ ತನಕ ಕಾಯುತ್ತಿದ್ದರು. ಒಂದು ದಿನ ನನಗೆ ತಲೆ ಕೆಟ್ಟು, “ಇಬ್ಬರಿಗೂ ಕಿವಿ ಅದಾವು, ನಾ ಯಾಕ ನಡುವ?” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಾಲು ತಾಸು ಬಿಟ್ಟು ಕಿಟಕಿಯಿಂದ ನೋಡಿದರೆ ಇಬ್ಬರೂ ಇದ್ದಲ್ಲೇ ಇದ್ದಾರೆ. ಪಾನಾ ಕೈಯಲ್ಲಿ, ನಟ್ಟು ಸಡಿಲ. ನಾನೇ ಸೋತು ಹೊರಗೆ ಬಂದು, “ನಟ್ ಬಿಗಿ ಮಾಡ್ರಿ” ಎಂದೆ.

ಪ್ರದರ್ಶನ ಗೋಕಾಕಿನ ಹೊರಗೆ ಒಂದು ಬಯಲಿನಲ್ಲಿ. ಬೀಜ, ಗೊಬ್ಬರ, ಟ್ರ್ಯಾಕ್ಟರುಗಳ ಮಂಟಪಗಳನ್ನು ದಾಟಿ, ಕಟ್ಟಕಡೆಯ ಮೂಲೆಯಲ್ಲಿ ಹಳೇ ಇಂಜಿನ್ನುಗಳು. ಹೊಳೆಯಿಂದ ನೀರು ಎತ್ತುತ್ತಿದ್ದದ್ದು ಒಂದು, ಕಬ್ಬಿನ ಗಾಣ ತಿರುಗಿಸುತ್ತಿದ್ದದ್ದು ಇನ್ನೊಂದು, ಹೀಗೆ ಹತ್ತು ಹನ್ನೊಂದು. ಹಸಿರು ಬಣ್ಣ ಬಳಿದು, ಗಾಲಿಗೆ ಕೆಂಪು ಪಟ್ಟಿ ಎಳೆದು, ಕೆಲವಕ್ಕೆ ಚೆಂಡುಹೂವಿನ ಮಾಲೆಯನ್ನೂ ಹಾಕಿದ್ದರು. ಎಲ್ಲವೂ ಓಡುತ್ತಿದ್ದವು, ಯಾವುದೂ ಎಲ್ಲಿಗೂ ಹೋಗುತ್ತಿರಲಿಲ್ಲ, ಏನನ್ನೂ ಮಾಡುತ್ತಿರಲಿಲ್ಲ. ನಿವೃತ್ತರಾದ ಗಂಡಸರಿಗೆ ಅವು ಅಷ್ಟು ಯಾಕೆ ಹಿಡಿಸಿದವು ಎಂದು ನನಗೆ ಆಗ ತಿಳಿಯಿತು. ಒಂದೊಂದು ಇಂಜಿನ್ನಿನ ಮುಂದೆ ನಾಲ್ಕೈದು ಮಂದಿ ತಲೆ ಓರೆ ಮಾಡಿ ನಿಂತು, ವೈದ್ಯರ ಹಾಗೆ ಗಂಭೀರವಾಗಿ ಸದ್ದು ಕೇಳುತ್ತಿದ್ದರು.

ನಮ್ಮ ಪಕ್ಕದ ಜಾಗ ಹುಕ್ಕೇರಿಯ ಒಬ್ಬರದು. ಅವರ ಹತ್ತಿರ ಇಂಜಿನ್ ಇರಲಿಲ್ಲ, ಹಳೇ ಗಿರಣಿಯ ಒಂದು ಜೊತೆ ಬೀಸುವ ಕಲ್ಲು, ಬೆಲ್ಟಿನ ಪಟ್ಟಾ ಮತ್ತು ಒಂದು ಮೋಟಾರು ಇದ್ದವು. ಮೋಟಾರಿಗೆ ಬೇಕಾದ ಥ್ರೀ ಫೇಸ್ ಕರೆಂಟು ಆ ಮೂಲೆಗೆ ಇಲ್ಲದ ಕಾರಣ ಬೆಳಗಿನಿಂದ ಕಲ್ಲಿನ ಮೇಲೆ ಕೂತು ಪೇಪರ್ ಓದುತ್ತಿದ್ದರು.

ಅಪ್ಪ ತಲೆಗೆ ಬಿಳಿ ಪಟಗ ಸುತ್ತಿಕೊಂಡು ಬಂದಿದ್ದ. “ಬರೇ ನೋಡಾಕ ಬಂದೇನಿ, ಕೈ ಹಚ್ಚೂದಿಲ್ಲ ಅಂತ ಹೇಳು” ಎಂದ. ಇವರು ಹ್ಯಾಂಡಲ್ ಹಾಕಿ ತಿರುಗಿಸಿದರು. ಗಾಲಿ ತಿರುಗಿತು, ಇಂಜಿನ್ನು ಒಮ್ಮೆ ಕೆಮ್ಮಿ ನಿಂತಿತು. ಮತ್ತೊಮ್ಮೆ. ನಾಲ್ಕನೆಯ ಸಲಕ್ಕೆ ಇವರ ಅಂಗಿ ಬೆನ್ನಿಗೆ ಅಂಟಿತು. ಅಪ್ಪ ನನ್ನ ಕಡೆ ಬಾಗಿ, “ಗಾಳಿ ಎಳಕೊಳ್ಳೂ ಕಡೆ ಒಂದ್ ಚಮಚಾ ಎಣ್ಣಿ ಬಿಡಾಕ ಹೇಳು” ಎಂದ. ನಾನು ಹೇಳಿದೆ. ಇವರು ಎಣ್ಣೆ ಬಿಟ್ಟು ತಿರುಗಿಸಿದರು. ಧಡ್ ಎಂದಿತು, ಮತ್ತೆ ಧಡ್ ಎಂದಿತು, ಎರಡೂ ಗಾಲಿಗಳು ಹಿಡಿದುಕೊಂಡು ಓಡತೊಡಗಿದವು.

ಇವರು ಬೆವರು ಒರೆಸಿಕೊಳ್ಳದೆ ಅಪ್ಪನ ಮುಖ ನೋಡಿದರು. ನಾನೂ ನೋಡಿದೆ. ಅಪ್ಪ ಇಂಜಿನ್ನನ್ನೇ ನೋಡುತ್ತ, “ಓಡಾಕತ್ತೈತಿ ಅಂತ ಹೇಳು” ಎಂದ.

“ಓಡಾಕತ್ತೈತಂತ್ರಿ” ಎಂದೆ.

“ನನಗೂ ಕಾಣಸ್ತೈತಿ” ಎಂದರು ಇವರು. ಮುಖ ಇಷ್ಟೇ ಇಷ್ಟಾಗಿತ್ತು.

ಆದರೆ ಅವರ ಹತ್ತಿರ ಇನ್ನೊಂದು ಉಪಾಯವಿತ್ತು, ನನಗೂ ಹೇಳಿರಲಿಲ್ಲ. ಚೀಲದಿಂದ ಆ ಹಿತ್ತಾಳೆ ವಾಟಿ ತೆಗೆದರು. ಹುಣಸೆಹಣ್ಣು ಹಚ್ಚಿ ಬೆಳಗಿ ತಂದಿದ್ದರು. ಸ್ಟೂಲ್ ಹತ್ತಿ ಅದನ್ನು ಹೊಗೆಯ ಕೊಳವೆಗೆ ಬೋರಲು ಹಾಕಿ ತಂತಿ ಸುತ್ತಿ ಇಳಿದರು.

ಕುಕ್... ಕುಕ್... ಕುಕ್...

ನಾನು ಹನ್ನೆರಡು ವರ್ಷದವಳಾಗಿ ಮೇಲವಂಕಿಯ ಓಣಿಯಲ್ಲಿ ನಿಂತ ಹಾಗಾಯಿತು. ಅಪ್ಪನ ಕೈ ತಾನಾಗಿಯೇ ಮೇಲೆದ್ದು ಪಟಗ ಮುಟ್ಟಿತು. ಅವನು ನಿಧಾನವಾಗಿ ಇವರ ಕಡೆ ತಿರುಗಿದ. ಇವರ ಮುಖವನ್ನೇ ನೋಡಿದ. ಬಾಯಿ ತೆರೆದ. ಈಗ ಬಂತು, ಹೂಂ ಬಂತು ಎಂದುಕೊಂಡೆ.

“ಪಾಳಿ ಎಷ್ಟೈತ್ಯೋ ಯಪ್ಪಾ?” ಎಂದು ಹಿಂದಿನಿಂದ ದನಿ ಬಂತು.

ತಿರುಗಿ ನೋಡಿದರೆ ಒಬ್ಬಳು ಮುದುಕಿ, ತಲೆಯ ಮೇಲೆ ಜೋಳದ ಬುಟ್ಟಿ. ಬಯಲಿನ ಆಚೆಗಿನ ಮನೆಗಳವಳು. ಬಾಗಿಲಲ್ಲಿ ಟಿಕೆಟ್ ಕೇಳಿದವರಿಗೆ, ಗಿರಣಿಗೆ ಹೋಗಲು ಯಾರಾದರೂ ಟಿಕೆಟ್ ತೆಗೆಸುತ್ತಾರೇನು ಎಂದು ಬೈದು ಬಂದಿದ್ದಳಂತೆ. ಬುಟ್ಟಿಯನ್ನು ನಮ್ಮ ಇಂಜಿನ್ನಿನ ಮುಂದೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಕೂತೇ ಬಿಟ್ಟಳು.

ಅಪ್ಪನ ಬಾಯಿ ಮುಚ್ಚಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅವಳ ಹಿಂದೆ ಇನ್ನಿಬ್ಬರು ಬಂದರು. ಅವರ ಹಿಂದೆ ನಾಲ್ವರು. ನೋಡು ನೋಡುವಷ್ಟರಲ್ಲಿ ಹದಿನಾಲ್ಕು ಬುಟ್ಟಿಗಳು ಒಂದರ ಹಿಂದೆ ಒಂದು ಸಾಲಾಗಿ ಕೂತವು. ಎಲ್ಲರೂ ನನ್ನ ವಯಸ್ಸಿನವರು, ನನಗಿಂತ ದೊಡ್ಡವರು. ಮನೆ ಹತ್ತಿರವೇ ಕರೆಂಟಿನ ಗಿರಣಿ ಇದೆಯಲ್ಲ ಎಂದು ಕೇಳಿದೆ. “ಅದರ ಹಿಟ್ಟ ಕೈ ಸುಡತೈತಿ, ರೊಟ್ಟಿ ಹರೀತೈತಿ. ಇಂಜಿನ್ ಗಿರಣಿ ಕೂಗು ಕೇಳಿ ಎಷ್ಟ್ ವರ್ಷಾತು. ಬಂತಲ್ಲ ಅಂತ ಓಡಿ ಬಂದೇವಿ” ಎಂದರು.

ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡ ಒಬ್ಬ ಕಾರ್ಯಕರ್ತರು ಓಡಿಬಂದು, “ಅಜ್ಜಿ, ಇದು ಬರೇ ಪ್ರದರ್ಶನ ಐತ್ರಿ, ಇಲ್ಲಿ ಬೀಸೂದಿಲ್ಲ” ಎಂದರು.

“ಬೀಸೂದಿಲ್ಲಂದ್ರ ಕೂಗಿದ್ಯಾಕ?” ಎಂದಳು ಮುದುಕಿ.

ನಾನು ಅಪ್ಪನ ಕಡೆ ನೋಡಿದೆ. ಎಂಬತ್ತಾರು ವರ್ಷದ ಅಪ್ಪ ಪಟಗ ಬಿಚ್ಚಿ ನನ್ನ ಕೈಗೆ ಕೊಟ್ಟು, ಧೋತರ ಮೇಲಕ್ಕೆ ಕಟ್ಟುತ್ತಿದ್ದ. “ಬಾಜೂದವರ ಕಲ್ಲು ಕೊಡತಾರೇನ ಕೇಳಾಕ ಹೇಳು” ಎಂದ.

ಹುಕ್ಕೇರಿಯವರು ಪೇಪರ್ ಬಿಸಾಕಿ ಎದ್ದರು. ಬೆಳಗಿನಿಂದ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಎಲ್ಲರೂ ಸೇರಿ ಇಂಜಿನ್ನಿನ ಗಾಲಿಗೂ ಕಲ್ಲಿಗೂ ಪಟ್ಟಾ ಏರಿಸಿದರು. ಅಪ್ಪ ಮೊದಲ ಬುಟ್ಟಿಯಿಂದ ಒಂದು ಬೊಗಸೆ ಜೋಳ ಸುರಿದ. ಕಲ್ಲು ಅರ್ಧ ಸುತ್ತು ತಿರುಗಿತು. ಇಂಜಿನ್ನು ಕಪ್ಪು ಹೊಗೆ ಉಗುಳಿ, ಮುಕ್ಕರಿದು, ನಿಂತಿತು.

ಮತ್ತೆ ಶುರು ಮಾಡಿದರು, ಮತ್ತೆ ನಿಂತಿತು. ಮೂರನೆಯ ಸಲಕ್ಕೆ ಪಟ್ಟಾ ಜಾರಿ ಬಿತ್ತು. ಇವರು, “ಕಲ್ಲ ಬಿಗಿ ಅದಾವು ಅಂತ ಹೇಳು” ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಪ್ಪ ಕಲ್ಲನ್ನು ಕೈಯಿಂದ ತಿರುಗಿಸಿ ನೋಡಿ, ಇಂಜಿನ್ನಿಗೆ ಕಿವಿ ಕೊಟ್ಟು, “ರಿಂಗ್ ಹೊಸೂ ಅದಾವು. ಇನ್ನಾ ಕೂತಿಲ್ಲ. ಹತ್ತ್ ದಿನಾ ಬರೇ ಓಡಿಸಿ, ಆಮ್ಯಾಲ ಕೆಲಸಕ್ಕ ಹಚ್ಚಬೇಕಿತ್ತು. ಇವತ್ತ ಆಗೂದಿಲ್ಲ” ಎಂದ. ಯಾರಿಗೆ ಹೇಳು ಎಂದು ಹೇಳಲಿಲ್ಲ. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಬಿಸಿಲು ಏರುತ್ತಿತ್ತು. ಹದಿನಾಲ್ಕು ಬುಟ್ಟಿಗಳ ಹಿಂದೆ ಹದಿನಾಲ್ಕು ಹೆಂಗಸರು ಏನೂ ಮಾತಾಡದೆ ಕೂತಿದ್ದರು. ಗೊಣಗಿದ್ದರೆ ಚೆನ್ನಾಗಿತ್ತು. ಗಿರಣಿಯ ಮುಂದೆ ಕಾಯುವುದು ಅವರಿಗೆ ಹೊಸದಲ್ಲ, ಆದದ್ದು ಆಗಲಿ ಎಂದು ಕೂತಿದ್ದರು. ಹುಕ್ಕೇರಿಯವರು ಮೆಲ್ಲಗೆ, “ನನ್ನ ಮೋಟಾರ್ ಐತ್ರಿ. ವೇದಿಕಿ ಹತ್ರದ ಬೋರ್ಡಿನಿಂದ ಯಾರರೆ ಲೈನ್ ಎಳದು ಕೊಟ್ರ ತಾಸಿನ್ಯಾಗ ಬೀಸಬಹುದು” ಎಂದರು.

ನನ್ನ ಕಣ್ಣು ಇವರ ಕಡೆ ಹೋಯಿತು. ಇವರು ನೆಲ ನೋಡುತ್ತಿದ್ದರು. ಬೇಕಾದ ವೈರು ಆ ಮೂಲೆಯಲ್ಲೇ ಸುರುಳಿ ಬಿದ್ದಿತ್ತು. ಆ ಬಯಲಿನಲ್ಲಿ ಆ ಕೆಲಸ ಇವರಷ್ಟು ಚೆನ್ನಾಗಿ ಮಾಡುವವರು ಇನ್ನೊಬ್ಬರು ಇರಲಿಲ್ಲ. ಇವರು ಮಾತ್ರ ಅಲ್ಲಾಡಲಿಲ್ಲ.

ಅಪ್ಪ ಎರಡು ಹೆಜ್ಜೆ ಇಟ್ಟು ಬಂದು ಇವರ ಎದುರು ನಿಂತ. ನನ್ನನ್ನು ನೋಡಲಿಲ್ಲ.

“ಕರೆಂಟ್ ಹಚ್ಚು” ಎಂದ.

ಮೂವತ್ತೇಳು ವರ್ಷ ಕಾದ ಮಾತು ಅದು. ನಮ್ಮ ಮನೆಯವರ ಮುಖ ಕೆಂಪಾಯಿತು. ಆಮೇಲೆ, ದೇವರೇ, ಅವರು ನನ್ನ ಕಡೆ ತಿರುಗಿದರು.

“ನಿಮ್ಮಪ್ಪಗ ಹೇಳು, ನಾ ಹಚ್ಚೂದಿಲ್ಲ. ಒಮ್ಮೆ ಹಚ್ಚಿ ಮೂವತ್ತೇಳ ವರ್ಷ ಉಂಡೇನಿ.”

ನನಗೆ ನೆತ್ತಿಗೇರಿತು. ಅಷ್ಟು ಮಂದಿಯ ನಡುವೆ, ಅಪ್ಪನ ಪಟಗ ಕೈಯಲ್ಲಿ ಹಿಡಿದುಕೊಂಡೇ, “ನಾ ಹೇಳಂಗಿಲ್ಲ! ಟಪಾಲ್ ಬಂದ್ ಆಗೇತಿ! ನಿಮಗ ಬಾಯಿ ಐತಿ, ಅವಗ ಕಿವಿ ಅದಾವು, ನೀವ ಹೇಳ್ರಿ!” ಎಂದು ಕೂಗಿದೆ. ಪಕ್ಕದ ಇಂಜಿನ್ನುಗಳ ಮುಂದೆ ನಿಂತವರೆಲ್ಲ ನಮ್ಮ ಕಡೆ ತಿರುಗಿದರು. ಇದರ ಸದ್ದೂ ಚೆನ್ನಾಗಿದೆ ಎಂದುಕೊಂಡಿರಬೇಕು.

ಇವರು ಹೇಳಲಿಲ್ಲ. ಹೇಳುವ ರೂಢಿಯೇ ತಪ್ಪಿಹೋಗಿತ್ತು. ಅಪ್ಪ ಕೈ ಮುಂದೆ ಮಾಡಿ ಇವರ ತೋಳು ಹಿಡಿದ.

“ಆಯ್ತೋ ತಮ್ಮಾ. ನನ್ನ ಇಂಜಿನ್ ಸೋತೈತಿ, ಕಾಳ ಏನ್ ತಪ್ಪ ಮಾಡ್ಯಾವು? ಕೂಗಿ ಕರದೇವಿ. ಹಚ್ಚು.”

ಇವರು ಅಂಗಿಯ ತೋಳಿನಿಂದ ಒಮ್ಮೆ ಮುಖ ಒರೆಸಿಕೊಂಡು, “ಹೂಂ ಮಾಮಾ” ಎಂದರು. ಹೂಂ ಬೇಕು ಎಂದು ನಾಲ್ಕು ತಿಂಗಳು ಸೀಮೆಎಣ್ಣೆಯಲ್ಲಿ ಕೈ ಅದ್ದಿದವರು ಕೊನೆಗೆ ತಾವೇ ಅದನ್ನು ಅಂದರು. ವ್ಯವಸ್ಥಾಪಕರನ್ನು ಕೇಳಿ, ಬೋರ್ಡಿನ ಫ್ಯೂಸ್ ತೆಗೆಸಿ, ವೈರು ಎಳೆದು, ಮೋಟಾರಿಗೆ ಕೊಟ್ಟು, ಟೆಸ್ಟರ್ ಹಚ್ಚಿ ನೋಡಿದರು. ಈ ಸಲ ಟೆಸ್ಟರಿನ ದೀಪ ಹತ್ತಿತು.

ಕಲ್ಲು ತಿರುಗಿತು. ಅಪ್ಪ ಜೋಳ ಸುರಿಯುತ್ತ, ಕೆಳಗೆ ಬೀಳುವ ಹಿಟ್ಟಿಗೆ ಕೈಯೊಡ್ಡಿ ಬೆರಳ ನಡುವೆ ತಿಕ್ಕಿ ನೋಡುತ್ತ ನಿಂತ. ಐದನೆಯ ಬುಟ್ಟಿಯ ಹೊತ್ತಿಗೆ ಅವನ ಹುಬ್ಬಿನ ಮೇಲೆ ಹಿಟ್ಟು ಕೂತಿತ್ತು. ನಡುವೆ ಇವರಿಗೆ ಏನೋ ಅಭಿಮಾನ ಬಂದು, ಇಂಜಿನ್ನೂ ಪಕ್ಕದಲ್ಲಿ ಸುಮ್ಮನೆ ಓಡುತ್ತಿರಲಿ ಎಂದು ಹ್ಯಾಂಡಲ್ ತಿರುಗಿಸಿದರು. ಕುಕ್ ಎಂದಿತು.

“ಏ ತಮ್ಮಾ, ವಾಟಿ ತಗಿಯೋ! ಮತ್ತ ಹದಿನಾಲ್ಕ ಬುಟ್ಟಿ ಬಂದಾವು!” ಎಂದು ಅಪ್ಪ ಚೀರಿದ. ಇವರು ಸ್ಟೂಲ್ ಹತ್ತಿ, ಬಿಸಿ ವಾಟಿಗೆ ಕೈ ಸುಟ್ಟುಕೊಂಡು, ಅದನ್ನು ಕಿತ್ತು ತೆಗೆದರು. ನೋಡಲು ನೆರೆದಿದ್ದವರು ಚಪ್ಪಾಳೆ ಹೊಡೆದರು. ಯಾವುದಕ್ಕೆ ಎಂದು ಅವರಿಗೂ ಗೊತ್ತಿರಲಿಕ್ಕಿಲ್ಲ.

ಮೊದಲು ಬಂದ ಮುದುಕಿ ತನ್ನ ಹಿಟ್ಟಿನಲ್ಲಿ ಕೈಯಿಟ್ಟು, “ಇದೂ ಬಿಸಿ ಐತಲ್ಲೋ ಯಪ್ಪಾ” ಎಂದಳು.

“ಹೌದವ್ವಾ” ಎಂದ ಅಪ್ಪ. “ಕರೆಂಟಿಂದು. ಆರಿಸಿ ತಟ್ಟು.”

ಸಂಜೆ ಇಂಜಿನ್ನನ್ನು ಟೆಂಪೋದಲ್ಲಿ ಏರಿಸಿ ಹೊರಟೆವು. ದಾರಿಯಲ್ಲಿ ಅಪ್ಪ ಎರಡು ಸಲ ನನ್ನ ಕಡೆ ತಿರುಗಿ, “ಅವರಿಗೆ...” ಎಂದು ಶುರು ಮಾಡಿ, ನಡುವೆಯೇ ನಿಲ್ಲಿಸಿ ಕಿಟಕಿಯ ಹೊರಗೆ ನೋಡಿದ. ಇವರೂ ಏನೂ ಆಡಲಿಲ್ಲ. ಮೇಲವಂಕಿಯಲ್ಲಿ ಇಳಿಯುವಾಗ ಅಪ್ಪ, “ಬರತೇನಿ” ಎಂದ. ಯಾರಿಗೆ ಎಂದು ಗೊತ್ತಾಗಲಿಲ್ಲ, ಇಬ್ಬರೂ ತಲೆ ಆಡಿಸಿದೆವು. ಅದು ಅಲ್ಲಿಗೇ ಮುಗಿಯಿತು, ನಾಳೆಯಿಂದ ಮತ್ತೆ ನನ್ನ ಟಪಾಲು ಶುರು ಎಂದುಕೊಂಡೆ.

ಮರುದಿನ ಮುಂಜಾನೆ ರೊಟ್ಟಿ ಮಾಡುತ್ತಿದ್ದೆ. ನನ್ನ ಫೋನು ರಿಂಗಾಯಿತು. ಅಣ್ಣನ ಫೋನಿನಿಂದ ಅಪ್ಪ.

“ಹೇಳಪ್ಪಾ, ಏನ್ ಹೇಳ್ಲಿ ಅವರಿಗೆ?” ಎಂದೆ, ರೂಢಿಯಂತೆ.

“ನಿನಗ ಹೇಳೂದಲ್ಲವ್ವಾ. ಫೋನ್ ಅವಗ ಕೊಡು.”

ಇವರು ದಾಡಿ ಮಾಡಿಕೊಳ್ಳುತ್ತಿದ್ದರು, ಅರ್ಧ ಮುಖದಲ್ಲಿ ಸೋಪು. ಅಪ್ಪನ ಫೋನು ಎಂದೊಡನೆ ಎದ್ದು ನಿಂತರು. ಬನಿಯನ್ನಿನ ಮೇಲೆ ಅಂಗಿ ಹಾಕಿಕೊಂಡು, ಗುಂಡಿ ಹಾಕಿ, ಆಮೇಲೆ ಫೋನ್ ತೆಗೆದುಕೊಂಡರು. ಅಂಗಳದ ಬೇವಿನ ಮರದ ಕೆಳಗೆ ಹೋಗಿ ಬೆನ್ನು ತಿರುಗಿಸಿ ನಿಂತರು. ನನಗೆ ಕೇಳಿಸದ ಹಾಗೆ ಮಾತಾಡಿದರು. ಒಮ್ಮೆ ನಕ್ಕರು. ಒಮ್ಮೆ ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡರು, ಫೋನಿನಲ್ಲಿ ಕಾಣುವುದಿಲ್ಲ ಎಂಬುದನ್ನು ಮರೆತು ತಲೆ ಆಡಿಸಿದರು. ಮುಖದ ಮೇಲಿನ ಸೋಪು ಒಣಗಿ ಉದುರಿತು. ಎಂಟು ರೊಟ್ಟಿ ಆದವು, ಮಾತು ಮುಗಿಯಲಿಲ್ಲ.

ಕೊನೆಗೆ ಒಳಗೆ ಬಂದು ಫೋನನ್ನು ನನ್ನ ಮುಂದೆ ಇಟ್ಟರು.

“ಏನಂದ ಅಪ್ಪ?” ಎಂದೆ.

“ಏನಿಲ್ಲ.”

“ಇಷ್ಟೊತ್ತು ಏನಿಲ್ಲಾ?”

“ನಮ್ಮ ನಮ್ಮ ಮಾತು” ಎಂದರು. “ನಿನಗ್ಯಾಕ?”

ಹಿಟ್ಟಿನ ಮುದ್ದೆಯನ್ನು ನಾದುವ ಕೊಣಮಿಗೆಗೆ ಧಪ್ಪೆಂದು ಎಸೆದೆ. ಮೂವತ್ತೇಳು ವರ್ಷ ಇವರ ಉಪ್ಪಿನಕಾಯಿಯಿಂದ ಹಿಡಿದು ನಟ್ಟು ಬೋಲ್ಟಿನ ತನಕ ಹೊತ್ತು ತಿರುಗಿದವಳು ನಾನು. ಇಂದು ನಿನಗ್ಯಾಕ ಅಂತೆ. ಸಿಟ್ಟಿನಲ್ಲಿ ರೊಟ್ಟಿ ಬಡಿಯುತ್ತ ಬಡಿಯುತ್ತ ನೋಡಿಕೊಂಡರೆ ಕಣ್ಣಲ್ಲಿ ಧಾರಾಳ ನೀರು. ಇವರು ಬಾಗಿಲಲ್ಲಿ ನಿಂತು, “ಯಾಕ, ಏನಾತು?” ಎಂದರು. ಹೊಗೆ ಎಂದು ಹೇಳುವಂತೆಯೂ ಇರಲಿಲ್ಲ, ನಮ್ಮದು ಗ್ಯಾಸಿನ ಒಲೆ.